ದೊಡ್ಡ ಜೆಟ್

ಬೈಕ್ ಕೊಳ್ಳಲು ಇಟ್ಟಿಗಿ ಊರಿನಿಂದ ಬಂದವನು ಅದರ ಕಪ್ಪು ಹೊಗೆಗೆ ಮೂಗು ಮುಚ್ಚಿಕೊಂಡ. ಗಂಗಾಧರ ತಂಗಿಯತ್ತ ತಿರುಗಿದ. "ಸುಜಾತಾ, ಕಾರ್ಬೊರೇಟರಿಗೆ ಪೆಟ್ರೋಲ್ ಜಾಸ್ತಿ ಬಿಡೋ ದೊಡ್ಡ ಜೆಟ್ ಹಾಕಿದಾಕಿ ನೀನ ಹೌದಿಲ್ಲೋ? ಹೊಗಿ ನೋಡಿ ಯಾರೂ ಕೊಳ್ಳಬಾರದು ಅಂತ?"

"ಹೌದು, ನಾನ. ಅಪ್ಪನ ಬೈಕ್ ಮಾರಿದ್ರ ಹಂಪಸಾಗರದ ಶಾಲಿಗೆ ಪಾಠ ಹೇಳಾಕ ಹೆಂಗ ಹೋಗ್ಲಿ?"

"ಹೋಗಬ್ಯಾಡ, ಮನ್ಯಾಗ ಬಿದ್ದಿರು. ಹಳೇ ಜೆಟ್ ಹಾಕು, ಇಲ್ಲಾಂದ್ರ ಕಪಾಳಕ್ಕ ಬೀಳ್ತಾವು."

ಅವಳು ಕಾರ್ಬೊರೇಟರ್ ಬಿಚ್ಚಿ, ಪರ್ಸಿನಲ್ಲಿದ್ದ ಕಡಲೆಕಾಳಿನಷ್ಟು ದೊಡ್ಡ ಹಳೆಯ ಹಿತ್ತಾಳೆ ಜೆಟ್ ತೆಗೆದು ಕೂರಿಸಿದಳು. ಗಾಳಿಯ ಸ್ಕ್ರೂ ತಿರುಗಿಸಿ ಹದಕ್ಕೆ ತಂದಳು. ಹೊಗೆ ನಿಂತಿತು.

"ಎಂಜಿನ್ ಬಿಸಿ ಆದಮ್ಯಾಲೆ ಹೆಂಗ ಓಡ್ತೈತಿ ನೋಡಬೇಕು," ಎಂದಳು.

"ಟ್ಯೂನ್ ಮಾಡಿದವ್ರ ಟ್ರಯಲ್ ಹೊಡೀಬೇಕ್ರಿ," ಎಂದ ಇಟ್ಟಿಗಿಯವನು.

"ಬಸ್‌ಸ್ಟ್ಯಾಂಡ್ ತನಕ ಹೋಗಿ ಬಾ," ಎಂದು ಗಂಗಾಧರ ಗದರಿದ.

ಬೈಕಿನ ಸದ್ದು ಬಸ್‌ಸ್ಟ್ಯಾಂಡ್ ದಾಟಿತು. ಅಲ್ಲಿಂದ ಗೇರ್ ಏರಿಸಿಕೊಂಡು ಹಂಪಸಾಗರದ ದಾರಿ ಹಿಡಿಯಿತು.