ನೀಲಾಂಬಿಕಾಳ ಎಡಗಿವಿ

ಮರುದಿನ ಬೆಳಿಗ್ಗೆ ರಾಕೆಟ್ ಹಾರಬೇಕು…

ಗದಗಿನ ನೀಲಾಂಬಿಕಾ ಅದರ ಪೈಲಟ್. ನಮ್ಮದೇ ನೆಲದಿಂದ, ನಮ್ಮದೇ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋಗುವ ಮೊದಲ ಹೆಣ್ಣುಮಗಳು! ಆ ಸೀಟಿಗಾಗಿ ವರ್ಷಗಟ್ಟಲೆ ಬೆವರು ಸುರಿಸಿದ್ದಳು.

ಕೊನೆಯ ಸೂಟ್ ಟೆಸ್ಟ್ ನಡೆಯುತ್ತಿತ್ತು. ಒಳಗೆ ಗಾಳಿಯ ಒತ್ತಡ ಏರಿದಾಗ ಎಲ್ಲರ ಕಿವಿಯೂ ಕಟ್ಟುತ್ತದೆ. ಉಗುಳು ನುಂಗಿದರೆ ಟಪ್ ಅಂತ ಬಿಟ್ಟುಕೊಳ್ಳುತ್ತದೆ.

ನೀಲಾಂಬಿಕಾಳ ಎಡಗಿವಿ ಬಿಟ್ಟುಕೊಳ್ಳಲಿಲ್ಲ…

ನುಂಗಿದಳು. ಮತ್ತೆ ನುಂಗಿದಳು. ಊಹೂಂ! ಕಿವಿಯೊಳಗೆ ಸೂಜಿ ಚುಚ್ಚಿದಂಥ ನೋವು.

ಹಾಳಾದ್ದು ನೆಗಡಿ… ಇವತ್ತೇ ಬರಬೇಕಾ?

ಸೂಟ್ ಬಿಚ್ಚಿ ಕೂರುವಷ್ಟರಲ್ಲಿ ಅವ್ವನ ವಿಡಿಯೋ ಕಾಲ್. "ನೀಲಾ, ಓಣಿ ತುಂಬ ನಿನ್ನ ಬ್ಯಾನರ್ ಕಟ್ಯಾರ ನೋಡ! ನಾಳೆ ಮಂದಿಗೆಲ್ಲಾ ಮಿರ್ಚಿ ಭಜಿ ಅಂತ!"

ನೀಲಾ ನಕ್ಕಳು. ಕಿವಿಯ ವಿಷಯ ಬಾಯಿ ಬಿಡಲಿಲ್ಲ.

ಒಂದು ಕಿವಿ ತಾನೆ… ಅಡ್ಜಸ್ಟ್ ಮಾಡಿಕೊಂಡರಾಯಿತು ಅಂದುಕೊಂಡಳು. ಅಡ್ಜಸ್ಟ್ ಮಾಡೋದ್ರಲ್ಲಿ ನಮ್ಮನ್ನು ಮೀರಿಸೋರು ಯಾರಿದ್ದಾರೆ ಹೇಳಿ!

ಡಾಕ್ಟರ್ ಬಂದರು. ಫೈಲ್ ಮುಚ್ಚುತ್ತಲೇ ಕೇಳಿದರು… "ಎಲ್ಲಾ ಸರಿ ಇದೆ ಅಲ್ವಾಮ್ಮಾ?"

ಹೂಂ ಅಂದರೆ ಚರಿತ್ರೆ. ಇಲ್ಲ ಅಂದರೆ ಸೀಟು ಬದಲಿ ಪೈಲಟ್ ಜೆಸಿಂತಾಳದು. 'ಮೊದಲ ಹೆಣ್ಣುಮಗಳು' ಅನ್ನುವ ಹೆಸರೂ ಅವಳದೇ… ಎಂದೆಂದಿಗೂ.

ಗಾಜಿನ ಆಚೆ, ಜೊತೆಗೆ ಹಾರಬೇಕಾದ ಇಬ್ಬರು ಏನೋ ಹೇಳಿಕೊಂಡು ನಗುತ್ತಿದ್ದರು. ಮೇಲೆ ಒತ್ತಡ ಏರುಪೇರಾಗಿ, ಕಟ್ಟಿದ ಕಿವಿಯಿಂದಾಗಿ ನೌಕೆ ನಡೆಸಬೇಕಾದವಳೇ ತಲೆ ತಿರುಗಿ ಬಿದ್ದರೆ ಅವರ ಗತಿ ಏನು?

ನೀಲಾ ಡಾಕ್ಟರ ಕಡೆ ತಿರುಗಿದಳು.

"ಇಲ್ಲ ಸರ್… ನನ್ನ ಎಡಗಿವಿ ಕಟ್ಟೈತಿ."

ಮರುದಿನ ಜೆಸಿಂತಾ ಹಾರಿದಳು. ಓಣಿಯ ಬ್ಯಾನರ್ ಇಳಿಯಿತು. "ಹೆದರಿ ಹಿಂದ ಸರದ್ಲಂತ" ಎಂದು ಮಂದಿ ಆಡಿಕೊಂಡರು. ನೀಲಾ ಹಲ್ಲು ಕಚ್ಚಿಕೊಂಡು ಕಂಟ್ರೋಲ್ ರೂಮಿನಲ್ಲಿ ಮೈಕ್ ಮುಂದೆ ಕೂತಳು.

ಎರಡನೇ ದಿನ… ಅಲಾರಂ!

ನೌಕೆಯ ಒಂದು ವಾಲ್ವ್ ಸಡಿಲಾಗಿ ಒಳಗಿನ ಒತ್ತಡ ಸರ್ರನೆ ಇಳಿಯುತ್ತಿತ್ತು. ನೀಲಾ ಮೈಕಿಗೆ ಬಾಗಿದಳು.

"ಜೆಸಿಂತಾ, ಉಗುಳು ನುಂಗು! ಕಿವಿ ಬಿಡತೈತಿ. ಎಡಗೈ ಕೆಳಗ ವಾಲ್ವಿನ ಕೆಂಪು ಹಿಡಿ ಐತಲ್ಲ, ತಿರುಗ್ಸು… ಬಿಡಬ್ಯಾಡ, ತಿರುಗ್ಸು!"

ಆ ಕಡೆಯಿಂದ ಬರೀ ಗೊರಗೊರ ಸದ್ದು.

"ಜೆಸಿಂತಾ…?"

ಕೊನೆಗೂ ಜೆಸಿಂತಾಳ ಮಂಗಳೂರು ದನಿ ಬಂತು. "ಮುಚ್ಚಿ ಆಯ್ತು ಅಕ್ಕ… ಮೂವರೂ ಸರಿ ಇದ್ದೇವೆ."

ರೂಮಿನ ತುಂಬ ಚಪ್ಪಾಳೆ. ಆದರೆ ಅವಳ ಮಾತು ಮುಗಿದಿರಲಿಲ್ಲ.

"ಕಿವಿ ಸರಿ ಇದ್ದ ನನಗೇ ಒಂದು ಗಳಿಗೆ ಕಣ್ಣು ಕತ್ತಲೆ ಬಂತು ಮಾರಾಯ್ರೆ! ಅವತ್ತು ನೀವು ಸುಮ್ಮನಿದ್ದಿದ್ರೆ, ಈ ಇಬ್ಬರು ಮನೆಗೆ ಹೋಗ್ತಾನೇ ಇರ್ಲಿಲ್ಲ… ಅದಿರ್ಲಿ ಅಕ್ಕ, ನಿಮ್ಮ ಕಿವಿ ಈಗ ಹೇಗುಂಟು?"

ಸೀಟು ಹೋದಾಗ ಅಳದವಳು, ಮಂದಿ ಆಡಿಕೊಂಡಾಗಲೂ ಅಳದವಳು… ಮೈಕ್ ಮೇಲೆ ಕೈ ಮುಚ್ಚಿ ಬಿಕ್ಕಿ ಬಿಕ್ಕಿ ಅತ್ತಳು.

ಮುಂದೆ ನೀಲಾಂಬಿಕಾಳೂ ಹಾರಿದಳು. ಈಗ ಹೊಸಬರಿಗೆ ತರಬೇತಿ ಕೊಡುತ್ತಾಳೆ. ಹಾರುವ ಮುನ್ನ 'ಎಲ್ಲಾ ಸರಿ ಇದೆಯಾ' ಅಂತ ಆಕೆ ಕೇಳುವುದಿಲ್ಲ.

"ಏನ ಮುಚ್ಚಿಟ್ಟೀರಿ, ಹೇಳ್ರಿ" ಅನ್ನುತ್ತಾಳೆ!

ಮೊದಲಿಗರಾಗುವುದು ದೊಡ್ಡದೇ… ನಂಬಿ ಜೊತೆ ಬಂದವರನ್ನು ಮನೆ ಮುಟ್ಟಿಸುವುದು ಅದಕ್ಕಿಂತ ದೊಡ್ಡದು.

ನಿಮ್ಮನ್ನು ನಂಬಿದವರಿಗೆ ಹೇಳದೆ ನೀವು 'ಅಡ್ಜಸ್ಟ್' ಮಾಡಿಕೊಂಡು ಬಂದಿರುವುದು ಏನು… ಇವತ್ತಾದರೂ ಹೇಳಿಬಿಡ್ತೀರಾ?