ಬಾಗಿಲಲ್ಲಿ ಬಿಡುವ ದುಃಖ

ಗುಡಿಯ ಮುಂದೆ ಚಪ್ಪಲಿ ಬಿಡುವ ಹಾಗೆ, ಆ ಊರಿನ ಮಕ್ಕಳು ಶಾಲೆಯ ಬಾಗಿಲಲ್ಲಿ ದುಃಖ ಬಿಟ್ಟು ಒಳಗೆ ಹೋಗುತ್ತಿದ್ದರು. ಬಾಗಿಲ ಪಕ್ಕದ ಕಿಟಕಿಯಲ್ಲಿ ಕೂತ ಜವಾನ ಫಕೀರಪ್ಪ ಒಂದೊಂದು ಮಗುವಿನ ಎದೆಗೂ ಬಟ್ಟಲು ಒತ್ತಿ, ದುಃಖವನ್ನು ಸೀಸೆಗೆ ಇಳಿಸಿಕೊಂಡು, ಬಿಲ್ಲೆ ಕೊಡುತ್ತಿದ್ದ. ಸಂಜೆ ಬಿಲ್ಲೆ ತೋರಿಸಿ ಮರಳಿ ಪಡೆಯಬಹುದಿತ್ತು. ಒಳ್ಳೆಯ ಅಂಕ ಬರಲೆಂದು ಎಷ್ಟೋ ಪಾಲಕರು ಬೇಕೆಂದೇ ಅದನ್ನು ಪಡೆಯಲು ಮರೆತು ಹೋಗುತ್ತಿದ್ದರು.

ನೀಲವ್ವ ಮೊಮ್ಮಗಳು ಗುರುಬಾಯಿಯನ್ನು ಮೊದಲ ದಿನ ಕರೆತಂದಾಗ, ಮಗುವಿನ ತಾಯಿ ತೀರಿಕೊಂಡು ತಿಂಗಳೂ ಆಗಿರಲಿಲ್ಲ.

"ಮುಂದ ಬಾ ಕೂಸ," ಎಂದ ಫಕೀರಪ್ಪ.

ನೀಲವ್ವ ಮಗುವನ್ನು ಹಿಂದಕ್ಕೆ ಎಳೆದುಕೊಂಡಳು. "ಬ್ಯಾಡಪ್ಪ. ಅದರ ಜೋಡಿ ಅವ್ವನ ನೆನಪೂ ಹೋಗ್ತೈತಿ."

"ಸಂಜಿತನಕ ಅಷ್ಟ, ಆಯಿ. ಅಳೋ ಮಕ್ಕಳಿಗೆ ಅಕ್ಷರ ಹತ್ತೂದಿಲ್ಲ."

"ನಿನ್ನೆ ಗುಡಿಗೆ ಹೋಗಿ, ಶಿವನ ಮುಂದ ಇಬ್ಬರೂ ಅತ್ತು ಬಂದ್ವಿ. ಹೊರಗ ಇಟ್ಟು ಬರ್ರಿ ಅಂತ ಅವ ಅನ್ನಲಿಲ್ಲ. ನಿಮ್ಮ ಸಾಲಿ ಅವನಕಿಂತ ಮಡೀನ?"

ಹಿಂದೆ ನಿಂತವರು ನಕ್ಕರು.

"ಹಂಗ ದಾಟಿದ್ರ ಗಂಟಿ ಬಡಕೋತೈತಿ. ಹೆಸರು ತಗದು ಹಾಕ್ತಾರ," ಎಂದ ಫಕೀರಪ್ಪ.

"ಬಡಕೊಳ್ಳಲಿ," ಎಂದು ನೀಲವ್ವ ಮಗುವಿನೊಂದಿಗೆ ಹೊಸ್ತಿಲು ದಾಟಿದಳು. ಗಂಟೆ ಬಡಿದುಕೊಳ್ಳತೊಡಗಿತು.

ತರಗತಿಯಲ್ಲಿ ಅವಳು ನೆಲದ ಮೇಲೆ ಕೂತು ಮಗುವನ್ನು ತೊಡೆಗೆ ಒರಗಿಸಿಕೊಂಡಳು.

"ಏಳ್ರಿ ಆಯಿ, ಪಾಠ ಸುರು ಮಾಡಬೇಕು," ಎಂದರು ಅಕ್ಕೋರು.

"ಮಾಡ್ರಿ. ಆಕಿ ಅತ್ತು ಮುಗಿಸಿ ಬರ್ತಾಳ."

ಗುರುಬಾಯಿ ಅಜ್ಜಿಯ ತೊಡೆಯಲ್ಲಿ ಮುಖವಿಟ್ಟು ಮನಸಾರೆ ಅತ್ತಳು. ಅಜ್ಜಿ ಬೆನ್ನು ಸವರುತ್ತಲೇ ಇದ್ದಳು, ಸುಮ್ಮನಿರು ಎನ್ನಲಿಲ್ಲ. ಆಮೇಲೆ ಮಗು ಅವಳ ಸೆರಗಿಗೆ ಮೂಗು ಒರೆಸಿ, ಬರೆಯುವ ಪಾಟಿಯನ್ನು ಹತ್ತಿರ ಎಳೆದುಕೊಂಡಿತು.

"ಅಕ್ಕೋರ," ಎಂದಿತು, "ಈಗ ಅಕ್ಷರ ತೋರಸ್ರಿ."