ಬಸ್ ಡ್ರೈವರ್‌ನ ಕೊನೆಯ ಮಾತು

“ಇದು ನಿಜವಾಗ್ಲೂ ನಡೆದದ್ದಾ?” ಡಾಕ್ಟರ್ ವಿಟ್‌ಮೋರ್ ಕೇಳಿದರು.

ಅವರ ಬೆರಳು ಅರ್ಜಿಯ ಜೊತೆಗಿದ್ದ ಪ್ರಬಂಧದ ಮೇಲಿತ್ತು. ಪಕ್ಕದಲ್ಲಿ ಕೂತಿದ್ದ ಇನ್ನಿಬ್ಬರು ತಲೆ ಎತ್ತಲಿಲ್ಲ. ಮೂರನೆಯ ಅರ್ಜಿಯಲ್ಲಿ ಈಗಷ್ಟೇ ಮೊದಲ ಸಲ ಮೆಡಿಕಲ್ ಕಾಲೇಜಿನ ಸಂದರ್ಶನದವರೆಗೆ ಬಂದಿದ್ದ ಕೊರೀನ್ ಬಾಯ್ಡ್, “ಪ್ರತಿಯೊಂದು ಅಕ್ಷರವೂ ನಿಜ ಸರ್,” ಎಂದಳು.

“ಹಾಗಾದ್ರೆ ನಿಮ್ಮ ಬಾಯಲ್ಲೇ ಕೇಳೋಣ.”

ಕೊರೀನ್‌ಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಬೇರೆ ಏನು ಕೇಳಿದ್ದರೂ ತಡವರಿಸುತ್ತಿದ್ದಳೇನೋ. ಇದನ್ನು ಹೇಳಲು ಅವಳಿಗೆ ತಯಾರಿಯೇ ಬೇಕಿರಲಿಲ್ಲ.

ಎರಡು ಸಲ ಅರ್ಜಿ ವಾಪಸು ಬಂದಾಗ ಕಾಲೇಜಿನ ಸಲಹೆಗಾರ್ತಿ ಕಡ್ಡಿ ಮುರಿದಂತೆ ಹೇಳಿದ್ದಳು: “ಮಾರ್ಕ್ಸ್ ಎಲ್ಲರ ಹತ್ರಾನೂ ಇದೆ ಕಣಮ್ಮ. ರೋಗಿಗಳ ಪಕ್ಕ ಕೂತಿದ್ದು ಎಲ್ಲಿದೆ? ಸೇವೆ ಮಾಡಿದ್ದು ಎಲ್ಲಿದೆ?” ಕೊರೀನ್‌ಳ ಪ್ರವೇಶ ಪರೀಕ್ಷೆಯ ಅಂಕಗಳು ಇನ್ನೊಂದೇ ಅರ್ಜಿಗೆ ನಡೆಯುತ್ತಿದ್ದವು. ಮತ್ತೊಮ್ಮೆ ಬರೆಯುವ ಚೈತನ್ಯ ಅವಳಲ್ಲಾಗಲಿ, ಶಾಲೆಯ ಅಡುಗೆಮನೆಯಲ್ಲಿ ಸೊಂಟ ಮುರಿದುಕೊಂಡ ಅವಳ ತಾಯಿಯಲ್ಲಾಗಲಿ ಉಳಿದಿರಲಿಲ್ಲ. “ಇದೊಂದು ಸಲ ಕಣೇ. ಆಮೇಲೆ ಎಲ್ಲಾದ್ರೂ ಕೆಲ್ಸ ನೋಡ್ಕೋ,” ಎಂದಿದ್ದಳು ತಾಯಿ.

ಹಾಗಾಗಿ ಕೊರೀನ್ ಟೊಲೀಡೊ ನಗರದ ಒಂದು ವೃದ್ಧರ ಆರೈಕೆ ಕೇಂದ್ರಕ್ಕೆ ಸ್ವಯಂಸೇವಕಿಯಾಗಿ ಸೇರಿದಳು. ಅಲ್ಲಿನ ಹದಿನಾಲ್ಕನೇ ಕೋಣೆಯಲ್ಲಿ ಆರ್ವಿಲ್ ಹ್ಯಾಸ್ಕಿನ್ಸ್ ಇದ್ದರು. ಎಂಬತ್ತಾರು ವಯಸ್ಸು, ಸೋತ ಹೃದಯ, ನೋಡಲು ಬರುವವರು ಯಾರೂ ಇಲ್ಲ. ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿದ್ದವರು. “ಒಂದು ಮಗೂನೂ ರಸ್ತೇಲಿ ಬಿಟ್ಟು ಹೋದೋನಲ್ಲ ನಾನು. ತಡವಾಗಿ ಓಡಿ ಬಂದ್ರೂ ಬಾಗಿಲು ತೆಗೀತಿದ್ದೆ,” ಎಂದು ದಿನಕ್ಕೊಮ್ಮೆಯಾದರೂ ಹೇಳಿಕೊಳ್ಳುತ್ತಿದ್ದರು.

ಸೇವೆಗೆ ಬರುವ ಹುಡುಗ ಹುಡುಗಿಯರೆಲ್ಲ ಹದಿನಾಲ್ಕನೇ ಕೋಣೆಗೇ ಮುಗಿಬೀಳುತ್ತಿದ್ದರು. ಬಂದಷ್ಟೇ ಬೇಗ ಮಾಯವಾಗುತ್ತಲೂ ಇದ್ದರು. ಟೇಟ್ ಎಂಬವನು ನಾಲ್ಕೇ ವಾರ ಬಂದ. ಕೊನೆಯ ದಿನ ಹ್ಯಾಸ್ಕಿನ್ಸರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, “ನಿಮ್ಮ ಉಪಕಾರ ಮರೆಯಲ್ಲ ಸರ್,” ಎಂದು ಕಣ್ಣೊರೆಸಿಕೊಳ್ಳುತ್ತ ಹೊರಟವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಕೊರೀನ್‌ಗೆ ಮೈ ಉರಿದಿತ್ತು.

“ಆ ಟೇಟ್‌ಗೆ ಸೀಟು ಸಿಕ್ತಾ?” ಮುಂದಿನ ವಸಂತದಲ್ಲಿ ಮುದುಕ ಕೇಳಿದ್ದರು.

“ಸಿಕ್ತಂತೆ. ದಕ್ಷಿಣದ ಯಾವುದೋ ಕಾಲೇಜಲ್ಲಿ.”

ಹ್ಯಾಸ್ಕಿನ್ಸರ ಮುಖ ಅರಳಿತು. ತಾವೇ ಪಾಸಾದವರ ಹಾಗೆ ದಿಂಬಿಗೊರಗಿ ಸೂಪು ಕೇಳಿದರು.

ಕೊರೀನ್ ಎರಡು ಚಳಿಗಾಲ ಬಂದಳು. ಅರ್ಜಿಗೆ ಬೇಕಾದ ಸೇವೆಯ ಗಂಟೆಗಳು ಮೊದಲ ಚಳಿಗಾಲಕ್ಕೇ ತುಂಬಿದ್ದವು. ಆದರೂ ಬಂದಳು, ಏಕೆಂದರೆ ಆ ಮುದುಕನ ಮೇಲೆ ಅವಳು ಜೀವವನ್ನೇ ಇಟ್ಟುಬಿಟ್ಟಿದ್ದಳು. ಉಗುರು ಕತ್ತರಿಸಿದಳು, ಬೇಸ್‌ಬಾಲ್ ಸುದ್ದಿ ಓದಿದಳು, ಬೈಸಿಕೊಂಡಳು.

“ಎಲ್ಲರೂ ಒಂದೊಂದು ತಗೊಂಡು ಹೋದ್ರು. ನೀನೊಬ್ಳು ಕೇಳ್ಲೇ ಇಲ್ವಲ್ಲ ಮಗಾ,” ಎಂದರು ಹ್ಯಾಸ್ಕಿನ್ಸ್ ಒಂದು ದಿನ.

ಮೇಜಿನ ಮೇಲಿನ ಮಿಠಾಯಿ ಡಬ್ಬಿಯ ಕಡೆ ನೋಡಿ ಕೊರೀನ್, “ನಂಗೆ ಸಿಹಿ ಅಷ್ಟಾಗಿ ಸೇರಲ್ಲ ಮಿಸ್ಟರ್ ಹ್ಯಾಸ್ಕಿನ್ಸ್,” ಎಂದಳು.

ಮುದುಕ ಕೆಮ್ಮು ಬರುವವರೆಗೆ ನಕ್ಕರು. “ಇರ್ಲಿ ಬಿಡು. ನಿಂಗೆ ಅಂತ ಒಂದು ಇಟ್ಟಿರ್ತೀನಿ.”

ಫೆಬ್ರುವರಿಯ ಒಂದು ಮಧ್ಯಾಹ್ನ ಅವರು ಹೋದರು. ಹೊರಗೆ ಹಿಮ ಬೀಳುತ್ತಿತ್ತು. ನರ್ಸ್‌ಗಳು ಪಾಳಿ ಬದಲಾಯಿಸುವ ಹೊತ್ತು, ಕೋಣೆಯಲ್ಲಿ ಅವಳೊಬ್ಬಳೇ. ಅವರ ಉಸಿರು ಎಳೆದಾಡುತ್ತಿತ್ತು. ಬೆಲ್ ಒತ್ತಲು ಅವಳು ಎದ್ದರೆ ಹ್ಯಾಸ್ಕಿನ್ಸ್ ಕೈ ಬಿಡಲಿಲ್ಲ. ಅವಳನ್ನೇ ನೋಡುತ್ತ, “ಈಗ ಹೋಗು ಮಗಾ. ಪಕ್ಕದ ಕೋಣೇಲಿ ಯಾರೋ ನಿನ್ನ ಕಾಯ್ತಾ ಇದಾರೆ,” ಎಂದರು. ಆಮೇಲೆ ಅವರ ಎದೆ ಏಳಲಿಲ್ಲ.

ಪಕ್ಕದ ಕೋಣೆಯಲ್ಲಿ ಇದ್ದದ್ದು ಒಗೆದ ಹಾಸುಬಟ್ಟೆಗಳ ರಾಶಿ ಮಾತ್ರ. ಪ್ರಬಂಧದಲ್ಲಿ ಕೊರೀನ್ ಅದನ್ನು ಬರೆದಿರಲಿಲ್ಲ. ರೋಗಿಯ ಹೆಸರನ್ನಂತೂ ಬರೆಯುವ ಹಾಗೇ ಇಲ್ಲ. ಒಬ್ಬ ಬಸ್ ಡ್ರೈವರ್, ಅವಳ ಕೈಯೊಳಗಿನ ಅವನ ಕೈ, ಅವನ ಆ ಮಾತು, ಇಷ್ಟನ್ನೇ ಬರೆದು ಜೂನ್‌ನಲ್ಲಿ ಕಳಿಸಿದ್ದಳು. ಈಗ ನವೆಂಬರಿನಲ್ಲಿ ಅದನ್ನೇ ಹೇಳಿ ಮುಗಿಸಿದಳು. ಇಂಥ ಸಾವನ್ನು ಸೀಟಿಗಾಗಿ ಬಳಸಿಕೊಂಡೆನಲ್ಲ ಎಂಬ ನಾಚಿಕೆ ಒಂದು ಕಡೆ, ಇನ್ನು ಯಾರೂ ತನ್ನನ್ನು ವಾಪಸು ಕಳಿಸಲಾರರೆಂಬ ಆಸೆ ಇನ್ನೊಂದು ಕಡೆ.

ವಿಟ್‌ಮೋರ್ ಪಕ್ಕದ ಇಬ್ಬರಲ್ಲಿ ಒಬ್ಬಳಾದ ಹೆಂಗಸು ಕಿಟಕಿಯತ್ತ ಮುಖ ತಿರುಗಿಸಿದಳು. ಅಳು ಬಂತೇನೋ ಅಂದುಕೊಂಡಳು ಕೊರೀನ್.

“ಚೆನ್ನಾಗಿ ಹೇಳಿದ್ರಿ. ಇಷ್ಟು ಚೆನ್ನಾಗಿ ಯಾರೂ ಹೇಳಿರ್ಲಿಲ್ಲ,” ಎಂದರು ವಿಟ್‌ಮೋರ್. ಮೇಜಿನ ಮೇಲಿದ್ದ ಇನ್ನೊಂದು ಫೈಲನ್ನು ಬಿಚ್ಚಿ, ಒಳಗಿದ್ದ ಹಳೆಯ ಅರ್ಜಿಗಳ ಪ್ರಬಂಧಗಳನ್ನು ಅವಳ ಮುಂದೆ ಸರಿಸಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

“ನಿಮ್ಮ ಈ ಡ್ರೈವರ್ ಇದೇ ಮಾತು ಹೇಳಿ, ಇನ್ನೂ ಹನ್ನೊಂದು ಮಕ್ಕಳ ಕೈ ಹಿಡಿದು ಪ್ರಾಣ ಬಿಟ್ಟಿದಾರೆ, ಮಿಸ್ ಬಾಯ್ಡ್. ಮೊದಲನೇ ಸಲ ಅವರು ಸತ್ತಾಗ ನಾವು ಮೂರೂ ಜನ ಅತ್ತು ಆ ಹುಡುಗನಿಗೆ ಸೀಟು ಕೊಟ್ವಿ. ಅದಾಗಿ ಮೂರು ವರ್ಷ ಆಯ್ತು.”